ಅರ್ಧ ಇಂಚು ಹೆಚ್ಚಿಗೆ

ನಮ್ಮ ಅತ್ತಿಗೆಯ ರೋಬೋ ಮೊಟ್ಟಮೊದಲು ಕಾದಾಡಿದ್ದು ಅತ್ತಿಗೆಯ ಜೊತೆಗೇ. ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ರೋಬೋಗೆ ಜೀವ ಕೊಡಬೇಕು. ಅತ್ತಿಗೆ ಅವಸರಕ್ಕೆ ಮೊದಲೇ ಜೀವ ಕೊಟ್ಟುಬಿಟ್ಟರು. ಹೇಳುವವರಿಲ್ಲ ಕೇಳುವವರಿಲ್ಲ ಅಂತಾದದ್ದೇ ತಡ, ಅದು ಹಾಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಾರಿಡಾರಿಗೆ ನುಗ್ಗಿತು. ನುಗ್ಗುವಾಗ ಅತ್ತಿಗೆಯ ನೈಟಿಯ ಅಂಚನ್ನು ತನ್ನ ಬಲ ಗಾಲಿಗೆ ಸುತ್ತಿಕೊಂಡಿತು. ಹೀಗಾಗಿ ಅತ್ತಿಗೆ ತಮ್ಮ ಬಲಗಾಲಿಗೆ ರಜೆ ಕೊಟ್ಟು, ಒಂಟಿಗಾಲಲ್ಲಿ ಕುಪ್ಪಳಿಸುತ್ತಾ ಅದರ ಹಿಂದೆ ಹೋಗಬೇಕಾಯಿತು.

ಕಾರಿಡಾರಿನಲ್ಲಿ ನಮ್ಮ ಕಟ್ಟಡದ ಸೆಕ್ರೆಟರಿ ನಿಂತಿದ್ದರು. ಗೋಡೆಗೆ ಅಂಟಿಕೊಂಡು ಮೆರವಣಿಗೆಗೆ ದಾರಿ ಬಿಟ್ಟರು.

"ಏನಮ್ಮಾ ಇದು?"

"ಟೆಸ್ಟಿಂಗ್ ಸಾರ್!"

"ನಾಳೆ ಟ್ಯಾಂಕ್ ತೊಳೀತಾರೆ. ನೀರು ಹಿಡಿದಿಟ್ಕೊಳ್ಳಿ," ಅಂದವರು, ಕೊಂಚ ಯೋಚಿಸಿ, "ಅದನ್ನೂ ಹಿಡಿದಿಟ್ಕೊಳ್ಳಿ," ಅಂತ ಸೇರಿಸಿದರು.

ಅತ್ತಿಗೆ ಇಪ್ಪತ್ತೆರಡು ವರ್ಷ ಶಾಲಾ ಯೂನಿಫಾರಂ ಹೊಲಿದವರು. ಅಳತೆ ಕೊಡಲು ಮಗುವನ್ನು ಎಳೆದುಕೊಂಡು ಬಂದ ತಾಯಂದಿರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಸ್ವಲ್ಪ ದೊಡ್ಡದಾಗೇ ಇರ್ಲಿ, ಮುಂದಿನ ವರ್ಷಕ್ಕೂ ಆಗ್ಬೇಕು." ಈ ಮಾತು ಕೇಳಿ ಕೇಳಿ ಅತ್ತಿಗೆಯ ಕೈಗೆ ಒಂದು ಚಟ ಅಂಟಿತ್ತು. ಚಾಕ್‌ಪೀಸಿನಿಂದ ಗೆರೆ ಎಳೆಯುವುದು ಒಂದು ಕಡೆ, ಕತ್ತರಿಸುವುದು ಅದಕ್ಕಿಂತ ಅರ್ಧ ಇಂಚು ಆಚೆ. ನಮ್ಮ ಮನೆಯ ಪರದೆಗಳು ನೆಲ ಗುಡಿಸುತ್ತವೆ. ಅಣ್ಣನ ಮದುವೆಯ ಅಂಗಿ ಅವನಿಗೆ ಇವತ್ತಿಗೂ ಆಗುತ್ತದೆ. ಅವನ ಹೊಟ್ಟೆ ಮುಂದೆ ಬಂದ ಹಾಗೆಲ್ಲ ಅತ್ತಿಗೆ ಹೊಲಿಗೆ ಹಿಂದೆ ತಳ್ಳಿದ್ದಾರೆ.

ಹೋದ ವರ್ಷ ಶಾಲೆಯವರು ಯೂನಿಫಾರಂ ಕೆಲಸವನ್ನು ಒಂದು ಫ್ಯಾಕ್ಟರಿಗೆ ಕೊಟ್ಟರು. ಅತ್ತಿಗೆಯ ಮೂರು ಮೆಷಿನ್ನುಗಳೂ ಮೌನವ್ರತ ಹಿಡಿದವು. ಒಂದು ತಿಂಗಳು ಅವಕ್ಕೆ ಸುಮ್ಮನೆ ಎಣ್ಣೆ ಬಿಟ್ಟು, ಒರೆಸಿ, ಮುಚ್ಚಿಟ್ಟರು. ದಾರ ತಪ್ಪಿದ ಮೇಲೆ ದಾರಿ ಹುಡುಕಬೇಕಲ್ಲ? ಪಾಲಿಟೆಕ್ನಿಕ್ಕಿನ ವರ್ಕ್‌ಶಾಪನ್ನು ಸಂಜೆ ಊರವರಿಗೆಲ್ಲ ತೆರೆಯುತ್ತಾರೆ, ಅಲ್ಲಿನ ಸಾಮಾನು ನೋಡಿಕೊಳ್ಳಲು ಒಬ್ಬರು ಬೇಕಂತೆ ಅಂತ ಕೇಳಿ ಹೋದರು.

"ಸರ್ಟಿಫಿಕೇಟ್ ಏನಿದೆ?" ಅಂದರು ವರ್ಕ್‌ಶಾಪ್ ಮೇಷ್ಟ್ರು.

"ಇದೆ ಸಾರ್. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಮೈಮೇಲೆ ಓಡಾಡ್ತಾ ಇದೆ."

ಮೇಷ್ಟ್ರಿಗೆ ನಗು ಬಂತು. ನಕ್ಕವರು ಒಂದು ಕರಪತ್ರ ಮುಂದಿಟ್ಟರು. ರಿಮೋಟಿನಿಂದ ಓಡಿಸುವ ರೋಬೋಗಳ ಕಾಳಗ, ಮೊದಲ ಸಲ ಕಟ್ಟುವವರಿಗೆ ಮಾತ್ರ. ತೂಕ ಒಂದೂವರೆ ಕಿಲೋ ದಾಟುವಂತಿಲ್ಲ. "ಒಂದನ್ನ ನೀವೇ ಕಟ್ಟಿ ತನ್ನಿ. ಗೆಲ್ಲೋದೇನೂ ಬೇಡ. ತಪಾಸಣೆ ಪಾಸಾಗಿ, ಮೂರು ನಿಮಿಷ ಮುಗಿದಾಗಲೂ ಅಲ್ಲಾಡ್ತಾ ಇದ್ರೆ ಸಾಕು. ವರ್ಕ್‌ಶಾಪಿನ ಬೀಗದಕೈ ನಿಮ್ಮದು."

ಕಟ್ಟುವುದಕ್ಕೆ ಹೊಸದಾಗಿ ಕೊಂಡದ್ದು ಬ್ಯಾಟರಿ ಒಂದನ್ನೇ. ಮೋಟಾರು, ಗುಜರಿಯಲ್ಲಿ ಸಿಕ್ಕ ಎರಡು ಸತ್ತ ಎಲೆಕ್ಟ್ರಿಕ್ ಸ್ಕ್ರೂಡ್ರೈವರುಗಳದ್ದು. ರಿಮೋಟು, ಯಾರದೋ ಆಟದ ವಿಮಾನದ್ದು. ವಿಮಾನ ಮರದ ಮೇಲಿದೆಯಂತೆ. ಎದುರಾಳಿಯ ಅಡಿಗೆ ತೂರಿ ಎತ್ತಿಹಾಕಲು ಮುಂದೆ ಮೊರದಂಥ ಇಳಿಜಾರು ತಗಡು, ಹಳೇ ಫ್ರಿಜ್ಜಿನ ಪಕ್ಕೆಲುಬು. ಮೈಗೆ, ತರಕಾರಿ ಹೆಚ್ಚುವ ತೆಳು ಪ್ಲಾಸ್ಟಿಕ್ ಮಣೆ, ಮೇಲೊಂದು ಕೆಳಗೊಂದು. ಒಂದು ವಾರ ನಾವು ತರಕಾರಿಯನ್ನು ಅಂಗೈಮೇಲೆ ಹೆಚ್ಚಿದೆವು.

"ಹೊಲಿಗೆ ಬಿಟ್ಟು ಹೊಡೆದಾಟಕ್ಕೆ ಇಳಿದ್ಯೇನೇ?" ಅಂತ ಅಣ್ಣ ಕೆಣಕಿದ.

"ನಿಮ್ಮ ಜೊತೆ ಸಂಸಾರ ಮಾಡಿ ಪ್ರಾಕ್ಟೀಸ್ ಚೆನ್ನಾಗಿದೆ ರೀ. ಆ ಗರಗಸ ಕೊಡಿ ಇಲ್ಲಿ."

"ಕತ್ತರಿ ಇದೆಯಲ್ಲ?"

ಅತ್ತಿಗೆ ಅವನನ್ನು ದುರುಗುಟ್ಟಿಕೊಂಡು ನೋಡಿದರು. ಆ ಕತ್ತರಿ ಬಟ್ಟೆಗೆ ಮಾತ್ರ. ಅದಕ್ಕೆ ಕಾಗದ ಮುಟ್ಟಿಸಿದರೂ ಬೆರಳು ಕತ್ತರಿಸ್ತೀನಿ ಅನ್ನುವುದು ನಮ್ಮ ಮನೆಯ ಸಂವಿಧಾನದ ಮೊದಲನೇ ವಿಧಿ.

ಮಣೆಯ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಗೆರೆಯ ಒಳಗಿನಷ್ಟಕ್ಕೆ ತೂಕದ ಲೆಕ್ಕ ಹಾಕಿದರು. ಒಂದೂವರೆ ಕಿಲೋಗೆ ಸ್ವಲ್ಪ ಕಡಿಮೆ. ಸಮಾಧಾನದಿಂದ ಗರಗಸ ಹಿಡಿದರು. ನೈಟಿ ಪ್ರಸಂಗವಾದ ಮೇಲೆ, ರಿಮೋಟ್ ಆಫ್ ಆದರೆ ರೋಬೋ ತಾನೂ ನಿಲ್ಲುವ ಹಾಗೆ ಮಾಡಿ, ಅದರ ಬೆನ್ನಿಗೆ 'ಮೊದಲು ರಿಮೋಟ್' ಅಂತಲೂ ಬರೆದರು.

ಕಾಳಗದ ದಿನ ಚೀಲ ಹೊರುವ ಕೆಲಸ ನನ್ನದು. ಹಾಲ್ ತುಂಬ ಕಾಲೇಜಿನವರು. ತಪಾಸಣೆಯ ಮೇಜಿನ ಹಿಂದೆ ಕನ್ನಡಕದ ತೀರ್ಪುಗಾರರು. "ರಿಮೋಟ್ ಆಫ್ ಮಾಡಿ," ಅಂದರು. ಮಾಡಿದ ತಕ್ಷಣ ರೋಬೋ ನಿಂತಿತು. ನಾನು ಉಸಿರು ಬಿಟ್ಟೆ. "ಇನ್ನು ತೂಕ."

ತಕ್ಕಡಿಯ ಪರದೆ ಒಂದೂವರೆ ಕಿಲೋ ದಾಟಿ ಐವತ್ತೆಂಟು ಗ್ರಾಂ ಮುಂದೆ ಹೋಗಿ ನಿಂತಿತು.

"ಆಂಟಿ, ಹೆಚ್ಚಾಯ್ತು. ಹತ್ತು ನಿಮಿಷ ಟೈಮ್ ಕೊಡ್ತೀನಿ. ಇಳಿಸಿ ತಂದ್ರೆ ಸರಿ. ಇಲ್ಲದಿದ್ರೆ ಮುಂದಿನ ವರ್ಷ."

ಆ ಕಡೆ ಬಾಗಿಲಲ್ಲಿ ವರ್ಕ್‌ಶಾಪ್ ಮೇಷ್ಟ್ರು ಬೀಗದಕೈ ಗೊಂಚಲು ಬೆರಳಿಗೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಬ್ಯಾಟರಿ ತೆಗೆಯುವ ಹಾಗಿಲ್ಲ, ಗಾಲಿ ತೆಗೆಯುವ ಹಾಗಿಲ್ಲ. ಜೀವಮಾನವಿಡೀ ಅಳತೆಯ ಪ್ರಕಾರ ಬದುಕಿದವರಿಗೆ ಅಳತೆಯೇ ಕೈಕೊಟ್ಟಿತ್ತು.

"ಲೆಕ್ಕ ಸರಿಯಾಗೇ ಹಾಕಿದ್ನಲ್ಲೋ," ಅಂದರು. ರೋಬೋವನ್ನು ತಿರುಗಿಸಿ ನೋಡಿದರು. ಚಾಕ್‌ಪೀಸಿನ ಗೆರೆ ಇನ್ನೂ ಹಾಗೇ ಇತ್ತು. ಗೆರೆಯ ಆಚೆ ಸುತ್ತಲೂ ಅರ್ಧ ಇಂಚು ಮಣೆ.

"ಅಯ್ಯೋ ನನ್ನ ಕೈಗಿಷ್ಟು! ಅಂಚು ಬಿಟ್ಟಿದೀನಿ ಕಣೋ!"

ಸ್ಕ್ರೂಗಳೆಲ್ಲ ಗೆರೆಯ ಒಳಗೇ ಇದ್ದವು, ಹೊಲಿಗೆ ಹಾಕಿದ ಹಾಗೆ. ಹೊರಗಿನ ಅಂಚು ಏನನ್ನೂ ಹಿಡಿದುಕೊಂಡಿರಲಿಲ್ಲ. ಅದನ್ನು ತೆಗೆದರೆ ನಷ್ಟವಿಲ್ಲ. ಆದರೆ ಗರಗಸ ಮನೆಯಲ್ಲಿ. ಹಾಲಿನಲ್ಲಿದ್ದ ಒಂದೇ ಗರಗಸಕ್ಕೆ ನಮ್ಮ ಮುಂದೆ ಐದು ಜನ.

ಅತ್ತಿಗೆ ನನ್ನ ಹೆಗಲ ಚೀಲಕ್ಕೆ ಕೈ ಹಾಕಿದರು. ಅವರೆಲ್ಲಿಗೆ ಹೋದರೂ ಜೊತೆಗೆ ಹೋಗುವ, ಕಾಗದವನ್ನೂ ಕಾಣದ ಆ ಕತ್ತರಿ ಹೊರಬಂತು.

"ಅತ್ತಿಗೆ, ಅದು ಬಟ್ಟೆಗೆ..."

"ಬಾಯಿ ಮುಚ್ಕೊಂಡು ಇದನ್ನ ಗಟ್ಟಿಯಾಗಿ ಹಿಡ್ಕೋ."

ಎರಡೂ ಕೈ ಹಾಕಿ ಒತ್ತಿದರು. ಪ್ರತಿ ಕಚ್ಚಿಗೂ ಕತ್ತರಿ ನರಳಿತು, ಅತ್ತಿಗೆ ಅದಕ್ಕಿಂತ ಹೆಚ್ಚು ನರಳಿದರು. ಬಿಳಿ ಪ್ಲಾಸ್ಟಿಕ್ಕಿನ ಪಟ್ಟಿಗಳು ನೆಲಕ್ಕೆ ಬೀಳುತ್ತಾ ಹೋದವು. ಕೈಯಲ್ಲಿ ಬೊಬ್ಬೆ ಎದ್ದರೂ ಗೆರೆ ಮಾತ್ರ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಒಂಬತ್ತನೇ ನಿಮಿಷಕ್ಕೆ ಮತ್ತೆ ತಕ್ಕಡಿ ಏರಿಸಿದರು. ಒಂದೂವರೆ ಕಿಲೋಗೆ ಹನ್ನೊಂದು ಗ್ರಾಂ ಕಡಿಮೆ. ಇಷ್ಟು ತೂಕದ ಮಾತನ್ನು ಯಾವ ತಕ್ಕಡಿಯೂ ಆಡಿದ್ದು ನಾನು ಕೇಳಿಲ್ಲ.

ಕಾಳಗದ ಬಗ್ಗೆ ಹೆಚ್ಚು ಹೇಳುವುದು ಎದುರಾಳಿಗೆ ಮರ್ಯಾದೆ, ನಮಗಲ್ಲ. ಇಬ್ಬರು ವಿದ್ಯಾರ್ಥಿನಿಯರು ತಂದ ರೋಬೋಗೆ ಗರಗರ ತಿರುಗುವ ಬ್ಲೇಡ್ ಇತ್ತು. ಮೊದಲ ಏಟಿಗೇ ನಮ್ಮ ಎಡ ಗಾಲಿ ಹಾರಿಹೋಗಿ ಅಖಾಡದ ಸುತ್ತಲಿನ ದಪ್ಪ ಪಾರದರ್ಶಕ ಗೋಡೆಗೆ ಬಡಿಯಿತು. ಉಳಿದ ಒಂದೇ ಗಾಲಿಯಲ್ಲಿ ನಮ್ಮದು ನಿಂತಲ್ಲೇ ಸುತ್ತತೊಡಗಿತು.

"ಸುತ್ತು, ಸುತ್ತು, ನನ್ನಪ್ಪಾ, ನಿಲ್ಲಬೇಡ," ಅಂತ ಅತ್ತಿಗೆ ರಿಮೋಟಿಗೆ ಹಲ್ಲು ಕಚ್ಚಿ ಹೇಳುತ್ತಿದ್ದರು. ಅದು ಏಟು ತಿಂದಿತು, ಸುತ್ತಿತು. ಮತ್ತೆ ತಿಂದಿತು, ಮತ್ತೆ ಸುತ್ತಿತು. ಗಂಟೆ ಹೊಡೆದಾಗ ಪಾಯಿಂಟುಗಳೆಲ್ಲ ಆ ಹುಡುಗಿಯರ ಪಾಲಾಗಿದ್ದವು. ನಮ್ಮದು ಮಾತ್ರ ಯಾರೋ ಮರೆತು ಬಿಟ್ಟ ಫ್ಯಾನಿನ ಹಾಗೆ ಸುತ್ತುತ್ತಲೇ ಇತ್ತು.

ಮೇಷ್ಟ್ರು ಗೊಂಚಲಿನಿಂದ ಒಂದು ಬೀಗದಕೈ ಬಿಡಿಸಿ ಅತ್ತಿಗೆಯ ಬೊಬ್ಬೆ ಎದ್ದ ಅಂಗೈಮೇಲೆ ಇಟ್ಟರು. "ಸೋಮವಾರ ಸಂಜೆ ಐದಕ್ಕೆ."

ಅತ್ತಿಗೆ ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕುಸಿದರು. ಅವರು ಅಷ್ಟು ದೀರ್ಘವಾಗಿ ಉಸಿರು ಬಿಟ್ಟದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಕನ್ನಡಕದ ತೀರ್ಪುಗಾರರು, ಅತ್ತಿಗೆ ಕತ್ತರಿಸಿ ಬಿಸಾಕಿದ ಪಟ್ಟಿಯೊಂದನ್ನು ಒಂದು ಕೈಯಲ್ಲೂ ಮೈಕನ್ನು ಇನ್ನೊಂದು ಕೈಯಲ್ಲೂ ಹಿಡಿದು ಬಂದರು. ಹಿಂದೆ ವಿದ್ಯಾರ್ಥಿಗಳ ಗುಂಪು. ಒಂದಿಬ್ಬರು ಪೆನ್ನು ಸಹ ತೆಗೆದಿದ್ದರು.

"ಆಂಟಿ, ಎಲ್ಲರೂ ಇದರಿಂದ ಕಲೀಬೇಕು. ಸ್ಕ್ರೂ ಬಿಗಿಯೋ ಜಾಗಕ್ಕೆ ಎಲ್ಲೂ ತಾಗದ ಹಾಗೆ, ಸುತ್ತಲೂ ಒಂದೇ ಸಮ ಅರ್ಧ ಇಂಚು ಹೆಚ್ಚಿಗೆ ಬಿಟ್ಟಿದ್ರಿ. ಬೇಕಾದಾಗ ತೂಕ ಇಳಿಸಿಕೊಳ್ಳೋದಕ್ಕೋ, ಏಟು ತಡೆಯೋದಕ್ಕೋ? ಈ ಡಿಸೈನ್ ಹಿಂದೆ ಏನು ಯೋಚನೆ ಇತ್ತು?"

ಮೈಕು ಅತ್ತಿಗೆಯ ಬಾಯಿಯ ಮುಂದೆ ಬಂತು.

"ಮುಂದಿನ ವರ್ಷಕ್ಕೂ ಆಗ್ಲಿ ಅಂತ," ಅಂದರು ಅತ್ತಿಗೆ.