ಗೋದಲಿಯ ಕೂಸು

ಡಿಸೆಂಬರ್ ಹುಟ್ಟಿತೆಂದರೆ ನನ್ನ ಮೂಗು ತಾನಾಗಿಯೇ ಪಕ್ಕದ ಮನೆಯ ಕಡೆ ತಿರುಗುತ್ತಿತ್ತು. ಇದು ಅರವತ್ತರ ದಶಕದ ಮಾತು. ಯಶವಂತಪುರದ ಸ್ಟೇಷನ್ನಿನ ಹಿಂದೆ ಒಂದು ವಠಾರ; ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ನಾವು ಮತ್ತು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಆರೋಗ್ಯಪ್ಪನವರು. ಅವರ ಹೆಂಡತಿ ಲೂರ್ದಮ್ಮ ಕ್ರಿಸ್‌ಮಸ್ಸಿಗೆ ಕೇಕು ತಂದುಕೊಟ್ಟು, "ಮೊಟ್ಟೆ ಹಾಕಿಲ್ಲ ಕಣಮ್ಮ" ಎನ್ನುತ್ತಿದ್ದರು. ನಾವು ನಂಬಿ ತಿನ್ನುತ್ತಿದ್ದೆವು. ನಂಬಿಕೆ ಆಗ ಎರಡೂ ಮನೆಗಳಲ್ಲಿ ಧಾರಾಳವಾಗಿತ್ತು.

ನನ್ನ ಹೆಂಡತಿಗೆ ಕೇಕಿಗಿಂತ ಅವರ ಗೋದಲಿಯ ಮೇಲೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ಮೇಲೆ, ಕಣ್ಣು. ದಸರಾ ಗೊಂಬೆ ಕೂರಿಸುವ ಕೈ ಅವಳದು. ಹುಲ್ಲಿನ ಕೊಟ್ಟಿಗೆಯೊಳಗೆ ಮಣ್ಣಿನ ಕುರಿಗಳು, ಮೇರಿಯಮ್ಮ, ಜೋಸೆಫಪ್ಪ ಎಲ್ಲರೂ ಹಬ್ಬಕ್ಕೆ ಮುಂಚೆಯೇ ಬಂದು ನಿಲ್ಲುತ್ತಿದ್ದರು. ನಡುವಿನ ಪುಟ್ಟ ಹಾಸಿಗೆ ಮಾತ್ರ ಖಾಲಿ. ಮನೆಯಿಂದ ಒಬ್ಬರಾದರೂ ಹಬ್ಬದ ಪೂಜೆಗೆಂದು ಚರ್ಚಿಗೆ ಹೋಗಿ ಬರಬೇಕು, ಬಂದವರೇ ಬಾಲಯೇಸುವನ್ನು ಅಲ್ಲಿ ಮಲಗಿಸಬೇಕು. ಅದು ಆ ಮನೆಯ ಕಟ್ಟಳೆ. ಹೋಗಿ ಬರುತ್ತಿದ್ದವರು ಲೂರ್ದಮ್ಮ.

ಅವರು ತೀರಿಕೊಂಡ ವರ್ಷವೂ ಹಬ್ಬ ಬಂತು. ಮಗ ಅಂತೋಣಿ ಹಿಂದೆಂದೂ ಇಲ್ಲದಷ್ಟು ದೊಡ್ಡ ನಕ್ಷತ್ರ ಕಟ್ಟಿದ, ಬೇಕರಿಯಿಂದ ಕೇಕು ತಂದ, ಗ್ರಾಮಫೋನು ಹಾಕಿದ. ಚರ್ಚಿಗೆ ಮಾತ್ರ ಯಾರೂ ಹೋಗಲಿಲ್ಲ. ಆರೋಗ್ಯಪ್ಪನವರಿಗೆ ಮಂಡಿನೋವು, ಮೆಟ್ಟಿಲಿಳಿಯುವುದೇ ಕಷ್ಟ. ಮಗನನ್ನು ಕೇಳಿದರೆ, "ದೇವ್ರು ಎಲ್ಲಾ ಕಡೆ ಇದಾನಲ್ಲಪ್ಪ" ಎಂದನಂತೆ. ಹೀಗೆನ್ನುವವರು ದೇವರನ್ನು ಯಾವ ಕಡೆಯೂ ಹುಡುಕಿಕೊಂಡು ಹೋಗುವುದಿಲ್ಲ. ನಾನೂ ಆ ಪಂಗಡದವನೇ ಆದ್ದರಿಂದ ಬಲ್ಲೆ. ನಮ್ಮ ಯುಗಾದಿಯಲ್ಲೂ ಬೇವು ಎಲೆಯಂಚಿಗೆ ಸರಿದು, ಬೆಲ್ಲವಷ್ಟೇ ಬಾಯಿಗೆ ಬೀಳತೊಡಗಿ ಬಹಳ ಕಾಲವಾಗಿತ್ತು.

ಹಬ್ಬದ ಬೆಳಿಗ್ಗೆ ವಠಾರವೆಲ್ಲ ಅವರ ಮನೆಯಲ್ಲಿ ಸೇರಿತ್ತು. ನನ್ನ ಹೆಂಡತಿಗೆ ಖಾಲಿ ಹಾಸಿಗೆ ಕಂಡಿತು. ಲೂರ್ದಮ್ಮನ ಕರವಸ್ತ್ರದಲ್ಲಿ ಸುತ್ತಿದ್ದ ಕೂಸು ಗೋಡೆಯ ಗೂಡಿನಲ್ಲೇ ಇತ್ತು. ಸಾವಿನ ಮನೆ, ಚರ್ಚಿನಿಂದ ಬಂದವರು ಮರೆತಿರಬೇಕು ಎಂದುಕೊಂಡು ಅವಳು ತೆಗೆದು ಮಲಗಿಸಿಬಿಟ್ಟಳು.

"ಯಾರಮ್ಮ ಚರ್ಚಿಗೆ ಹೋಗಿ ಬಂದೋರು?" ಆರೋಗ್ಯಪ್ಪನವರು ಆಸೆಯಿಂದ ಕೇಳಿದರು.

"ಯಾರೂ ಇಲ್ಲ. ನಾನೇ ಇಟ್ಟೆ. ಮರ್ತಿದೀರೇನೋ ಅಂತ..."

ಅವರು ಕುಂಟುತ್ತ ಗೋದಲಿಯ ಹತ್ತಿರ ಬಂದರು. "ಇರ್ಲಿ ಬಿಡಮ್ಮ. ಇಷ್ಟ್ ಜನದಲ್ಲಿ ಅದು ಖಾಲಿ ಇದೆ ಅಂತ ಕಂಡಿದ್ದು ನಿಮಗೊಬ್ರಿಗೇ." ಆಮೇಲೆ ಮೆಲ್ಲಗೆ ಕೂಸನ್ನೆತ್ತಿ, ಅದೇ ಕರವಸ್ತ್ರದಲ್ಲಿ ಸುತ್ತಿ, ಗೂಡಿಗಿಟ್ಟರು.

ಮುಂದಿನ ಹಬ್ಬಕ್ಕೆ ಅವರೂ ಇರಲಿಲ್ಲ. ಅಂತೋಣಿ ಒಂದು ರಟ್ಟಿನ ಪೆಟ್ಟಿಗೆ ತಂದ. "ಅಕ್ಕ, ಗೋದಲಿ ಇಡೋಕೆ ನಮ್ಮಲ್ಲಿ ಜಾಗ ಇಲ್ಲ. ನಿಮ್ ಗೊಂಬೆ ಜೊತೆ ಇಟ್ಕೊಳ್ಳಿ." ಒಳ್ಳೆಯ ಹುಡುಗನೇ, ಬಿಸಾಡಲು ಅವನಿಗೂ ಮನಸ್ಸು ಬಂದಿರಲಿಲ್ಲ.

ಮರುವರ್ಷದ ದಸರಾಕ್ಕೆ ಕುರಿಗಳು ಕೃಷ್ಣನ ಹಸುಗಳ ಮಂದೆ ಸೇರಿದವು. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಮೇರಿಯಮ್ಮ ನಿಂತಳು. ಕೂಸು ಮಾತ್ರ ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ.

"ಬೀರುವಿನಲ್ಲಿದೆ ಕಣ್ರೀ" ಎಂದಳು ಹೆಂಡತಿ, ಕುರಿಯೊಂದನ್ನು ಸರಿಮಾಡುತ್ತ. "ಆ ಮನೆಯಿಂದ ಯಾರಾದ್ರೂ ಒಬ್ರು ಚರ್ಚಿಗೆ ಹೋಗಿ ಬರ್ಲಿ. ಆಮೇಲೆ ಮಲಗಿಸ್ತೀನಿ."