ನಗುವ ಹೊಟ್ಟೆಯ ಮೇಲೊಂದು ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಎಲ್ಲರೂ ‘ನರ್ಸಕ್ಕ’ ಎನ್ನುವ ಹಿರಿಯ ದಾದಿ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ಮಂಚದ ಮೇಲಿರುವ, ಬಟ್ಟೆ ಹೊಲಿಯುವ ಹೆಂಗಸಿಗೆ ನಿನ್ನೆಯಿಂದ ಹೊಟ್ಟೆನೋವು. ಅಕ್ಕ ನೋವಿಲ್ಲದ ಎಡಗಡೆಯಿಂದ ಶುರು ಮಾಡಿ, ಕಣ್ಣನ್ನು ಆಕೆಯ ಮುಖದ ಮೇಲಿಟ್ಟು ಬೆರಳು ಊರುತ್ತಾರೆ. ಆಕೆ ಕಿಸಕ್ಕನೆ ನಗುತ್ತಾಳೆ.

"ಕಚಗುಳಿ ಆಗುತ್ತೆ ಸಿಸ್ಟರ್, ತಪ್ಪು ತಿಳ್ಕೋಬೇಡಿ."

ಇದೊಳ್ಳೆ ಫಜೀತಿ. ಒಳಗೆ ಉರಿಯೂತವಿದ್ದರೆ ಹೊಟ್ಟೆ ತಾನಾಗಿ ಬಿಗಿಯುತ್ತದೆ, ಕಚಗುಳಿಯಾದರೂ ಬಿಗಿಯುತ್ತದೆ. ಇದು ಯಾವ ಬಿಗಿ? ಅಕ್ಕ ಆಕೆಯದೇ ಕೈಯನ್ನು ಹೊಟ್ಟೆಯ ಮೇಲಿಡಿಸಿ, ಅದರ ಮೇಲೆ ತಮ್ಮ ಕೈಯಿಟ್ಟು ಒತ್ತುತ್ತಾರೆ. ತನ್ನ ಕೈ ತನಗೆ ಕಚಗುಳಿಯಿಡುವುದಿಲ್ಲವಲ್ಲ. ನಗು ಇಳಿಯುತ್ತದೆ, ಗೊಂದಲ ಇಳಿಯುವುದಿಲ್ಲ. ಬಲಗಡೆ ಕೆಳಗೆ ಒತ್ತಿದರೆ ಒಮ್ಮೆ ನೋವೆನ್ನುತ್ತಾಳೆ, ಇನ್ನೊಮ್ಮೆ ಇಲ್ಲವೆನ್ನುತ್ತಾಳೆ. ರಕ್ತಪರೀಕ್ಷೆಯ ಫಲಿತಾಂಶವೂ ಅತ್ತ ಇಲ್ಲ, ಇತ್ತ ಇಲ್ಲ.

"ಗ್ಯಾಸ್ ಇರ್ಬೇಕು, ಮನೆಗೆ ಕರ್ಕೊಂಡು ಹೋಗ್ಲಾ?" ಆಕೆಯ ಗಂಡನಿಗೆ ಅವಸರ. ಡಾಕ್ಟರೂ ಗೊಂದಲದಲ್ಲೇ ಅಕ್ಕನತ್ತ ನೋಡುತ್ತಾರೆ. "ನಿಮಗೇನನ್ಸುತ್ತೆ?"

"ತಲೆಬುಡ ತಿಳೀತಿಲ್ಲ ಸರ್. ಅದಕ್ಕೇ ಕಳಿಸೋದು ಬೇಡ. ಅಪೆಂಡಿಕ್ಸ್ ಆಗಿದ್ದು ಒಳಗೇ ಒಡೆದ್ರೆ ಜೀವಕ್ಕೇ ಅಪಾಯ."

ಹೀಗೆ ತಿಳಿಯದ ಹೊಟ್ಟೆಗಳ ನಡುವೆಯೇ ಅಕ್ಕನ ಹದಿನೆಂಟು ವರ್ಷ ಕಳೆದಿದೆ. ಪಾಳಿಗೆ ಮೂರು ನಾಲ್ಕಾದರೂ ಹೊಟ್ಟೆನೋವಿನವರು ಬರುತ್ತಾರೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಮನೆಗೆ ಹೋದರೂ ಬಿಡುಗಡೆಯಿಲ್ಲ. "ಮಗಳು ಸ್ಕೂಲಿಗೆ ಚಕ್ಕರ್ ಹಾಕೋಕೆ ಹೊಟ್ಟೆನೋವು ಅಂತಾಳೆ. ನಿಜಾನಾ, ನಾಟಕಾನಾ, ಅದೂ ನಂಗೆ ಗೊತ್ತಾಗಲ್ಲ," ಎಂದು ನಗುತ್ತಾರೆ.

ಪಾಳಿ ಮುಗಿದರೂ ಇವತ್ತೂ ಅಕ್ಕ ಹೊರಡುವುದಿಲ್ಲ. ಒಂದೇ ಕೈ ಮತ್ತೆ ಮತ್ತೆ ಒತ್ತಿದರೆ ತಾನೇ ಹೊಟ್ಟೆ ಬದಲಾದದ್ದು ತಿಳಿಯುವುದು? ಬೇರೆ ಕೈ ಬಂದರೆ ಎಲ್ಲ ಮೊದಲಿಂದ. ಕಾಯುವಾಗ ಅವರಿಗೂ ಭಯವಿದೆ. ಸುಮ್ಮನೆ ಕೂಡಿಹಾಕಿದೆನೋ, ಇಲ್ಲ ತಡ ಮಾಡಿದೆನೋ ಎಂದು. ಬಿಸಿಲು ಕಿಟಕಿಗೆ ಬಂದಾಗ ಮತ್ತೆ ಒತ್ತುತ್ತಾರೆ. ಆಕೆ ಈ ಸಲ ನಗುವುದಿಲ್ಲ. ಒತ್ತಿದ ಕೈ ಎತ್ತಿದೊಡನೆ ತುಟಿ ಕಚ್ಚುತ್ತಾಳೆ. ಒತ್ತಿದಾಗಿಗಿಂತ ಬಿಟ್ಟಾಗ ನೋವು ಹೆಚ್ಚಾದರೆ ಅದು ಒಳಗಿನ ಉರಿಯೂತದ ಗುರುತು. ಅಕ್ಕ ಡಾಕ್ಟರನ್ನು ಕೂಗುತ್ತಾರೆ. ತಡಮಾಡದೆ ಆಪರೇಷನ್ನಿಗೆ ಕರೆದೊಯ್ಯುತ್ತಾರೆ.

ಒಡೆಯುವ ಮೊದಲೇ ಅಪೆಂಡಿಕ್ಸ್ ತೆಗೆದಾಯಿತೆಂಬ ಸುದ್ದಿ ಬಂದ ಮೇಲೆಯೇ ಅಕ್ಕ ಚೀಲ ಹೆಗಲಿಗೇರಿಸುವುದು. ಗಂಡ ಕೈಮುಗಿಯುತ್ತಾನೆ. "ನಿಮ್ಗೆ ಮೊದ್ಲೇ ಗೊತ್ತಿತ್ತು ಅಲ್ವಾ ಸಿಸ್ಟರ್?"

"ಇಲ್ಲಪ್ಪ. ಒಂದ್ಸಲನಾದ್ರೂ ಮುಟ್ಟಿದ ತಕ್ಷಣ ಗೊತ್ತಾಗ್ಲಿ ಅಂತ ಆಸೆ ಇದೆ. ಇನ್ನೂ ಆಗಿಲ್ಲ. ಅದಕ್ಕೇ ದಿನಾ ಮನೆಗೆ ಹೋಗೋದು ಲೇಟು."