ನನ್ನ ವೀರನ ಹಾಲು–ತುಪ್ಪ

ನನ್ನ ವೀರ ಸತ್ತದ್ದು ಪೆಟ್ಟಿಗೆಯೊಳಗೆ ಕೈ ಹಾಕಿ. ಯುದ್ಧದಲ್ಲಿ ಸತ್ತಿದ್ದರೆ ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ಗುಹೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಕಂಡಿತು, ಇವನು ಮೀಸೆ ತಿರುವಿಕೊಂಡು ಹೋಗಿ ಕೈ ಹಾಕಿದ, ಒಳಗಿದ್ದ ಹಾವು ಕಚ್ಚಿತು. ತಂಬೋಲಾ ಡಬ್ಬಿಯಿಂದ ನಾನು ಎತ್ತಿದ ಬಿಲ್ಲೆಯ ಮೇಲೆ ‘ಒಂದು’ ಎಂದಿತ್ತು. ಅದಕ್ಕಿಂತ ಕೆಟ್ಟ ಬಿಲ್ಲೆ ಆ ಡಬ್ಬಿಯಲ್ಲಿ ಇರಲಿಲ್ಲ.

ಇದೆಲ್ಲ ನಡೆದದ್ದು ಅಜ್ಜಿಯ ತೆಂಗಿನ ತೋಟದ ಮೋಟಾರು ಮನೆಯಲ್ಲಿ, ರಾಮನಗರ ದಾಟಿ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ. ಹೊಸ ಶತಮಾನದ ಮೊದಲ ವರ್ಷಗಳು. ರಸ್ತೆಯಾಚೆ ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ಕಾರ್ಖಾನೆ ಎದ್ದು, ನನ್ನ ಸೋದರಮಾವನ ಮಗ, ಅಂದರೆ ನನ್ನ ಭಾವ, ಅಲ್ಲಿ ಕೆಲಸಕ್ಕೆ ಸೇರಿದ್ದ. ಅಳತೆ ನೋಡುವ ಗೇಜಿಗೆ ಸರಿಯಾಗಿ ಕೂರದ ಬೋಲ್ಟುಗಳನ್ನು ಕೆಂಪು ಡಬ್ಬಕ್ಕೆ ಎಸೆಯುವುದು ಅವನ ಕೆಲಸ. ಜೊತೆಗೆ ದುಡಿಯುವವರೊಬ್ಬರಿಂದ ಇಂಗ್ಲಿಷಿನ ಆಟದ ಪುಸ್ತಕವೊಂದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದ. ಒಬ್ಬ ಕಥೆ ನಡೆಸಬೇಕು, ಉಳಿದವರು ಒಬ್ಬೊಬ್ಬ ವೀರನಾಗಿ ತಾನೇನು ಮಾಡುತ್ತೇನೆಂದು ಹೇಳಬೇಕು, ಗೆದ್ದದ್ದೋ ಸೋತದ್ದೋ ಅದೃಷ್ಟ ಹೇಳಬೇಕು. ಪುಸ್ತಕ ಕೇಳಿದ ಇಪ್ಪತ್ತು ಮುಖದ ದಾಳ ನಮ್ಮ ಸೀಮೆಯಲ್ಲೆಲ್ಲೂ ಸಿಗದೆ ಒಂದರಿಂದ ಇಪ್ಪತ್ತರವರೆಗಿನ ತಂಬೋಲಾ ಬಿಲ್ಲೆಗಳೇ ಗತಿಯಾಗಿದ್ದವು.

ಕಥೆ ನಡೆಸುವವನು ಭಾವ. ಆಡುವವರು ನಾನು ಮತ್ತು ಭಾವನ ಕಾಲೇಜು ಗೆಳೆಯ, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆತನದವರು. ಅವರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಹೆಣ್ಣುಮಗಳೊಬ್ಬಳು ಇಬ್ಬರು ಗಂಡಸರ ಜೊತೆ ಮೋಟಾರು ಮನೆಯಲ್ಲಿ ಕೂತರೆ ಊರು ಸುಮ್ಮನಿರುತ್ತದೆಯೇ? ಹಾಗಾಗಿ ಬಾಗಿಲಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕಾವಲು ಕೂರುತ್ತಿದ್ದಳು. ಗುಹೆಗಳ ಬಗ್ಗೆ ಅವಳಿಗೆ ನಮಗಿಂತ ಹೆಚ್ಚು ಕುತೂಹಲ.

ಮೊದಲ ದಿನ ವೀರನನ್ನು ಆರಿಸುವಾಗ ನಾನು ಯೋಚಿಸದೆ ಗಂಡಸನ್ನು ಆರಿಸಿದ್ದೆ. ಕಾಡು, ಗುಹೆ, ಹೆಂಡದಂಗಡಿ ಎಂದು ಅಲೆಯುವವನು ಗಂಡಸಲ್ಲದೆ ಇನ್ಯಾರು? ಹೀಗೆಂದು ಯಾರೂ ನನಗೆ ಹೇಳಿರಲಿಲ್ಲ, ನಾನೇ ಅಂದುಕೊಂಡೆ. ಭಾಯ್ ಆಲೆ ಮರದಲ್ಲಿ ಹೆಬ್ಬೆರಳುದ್ದದ ಗೊಂಬೆ ಕಡೆದು, ಕೆಂಪು ಅರಗಿನ ಪೇಟ ತೊಡಿಸಿ, ಕೂದಲೆಳೆಯಷ್ಟು ಸಣ್ಣ ಮೀಸೆ ಬರೆದುಕೊಟ್ಟಿದ್ದರು. ವಾರವೆಲ್ಲ ಮನೆಯಲ್ಲಿ ನನ್ನ ಮದುವೆಯ ಮಾತೇ ನಡೆಯುತ್ತಿತ್ತು. ಭಾನುವಾರ ಆ ಮೀಸೆಯ ಹಿಂದೆ ಅಡಗಿಕೊಂಡು ನಾನು ಎಲ್ಲಿ ಬೇಕಾದರೂ ಹೋಗಿ ಬರುತ್ತಿದ್ದೆ. ಆ ಗೊಂಬೆಯ ಮೇಲೆ ನನಗೆ ಜೀವ ಇತ್ತು.

ವೀರ ಸತ್ತ ಕೂಡಲೇ, “ಎಬ್ಬುಸು ಭಾವ,” ಎಂದೆ.

“ಪುಸ್ತಕದಾಗೆ ಐತೆ ನೋಡಮ್ಮಿ. ಸತ್ತೋನ್ನ ಎಬ್ಬುಸ್ಬೇಕು ಅಂದ್ರೆ ದೊಡ್ಡ ಪೂಜಾರಿ ಬೇಕು, ಒಂದು ವಜ್ರ ಬೇಕು, ಹೆಣ ಬೇಕು. ಹೆಣ ಐತೆ. ಮಿಕ್ಕಿದ್ದು?”

ನಮ್ಮ ಆಟದ ಪೂಜಾರಿ ಭಾಯ್. ಆಗಿನ್ನೂ ಅವರ ವಿದ್ಯೆ ಮುಳ್ಳು ತೆಗೆಯುವುದು ಮತ್ತು ಜ್ವರ ಇಳಿಸುವುದರಾಚೆ ಹೋಗಿರಲಿಲ್ಲ. ಅವರು ಪಾಪ ತಲೆ ತಗ್ಗಿಸಿದರು.

ನಾನು ಕಿರುಚಾಡಿದೆ. ನನಗೆ ಕೋಪ ಬಂದರೆ ಮುಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಭಾವನ ಪುಸ್ತಕಕ್ಕೆ ಬೆಂಕಿ ಬೀಳಲಿ ಎಂದೆ, ಅವನ ಗೇಜಿಗೂ ಬೀಳಲಿ ಎಂದೆ. ಅವನು ಬೋಲ್ಟು ನೋಡುವ ಕಣ್ಣಿನಿಂದಲೇ ನನ್ನನ್ನು ನೋಡಿದ.

“ಸತ್ತೋರೆಲ್ಲ ಎದ್ದು ಬತ್ತಾ ಇದ್ರೆ ಯಾರ್ಗೆ ಭಯ ಇರ್ತದೆ? ಭಯ ಇಲ್ದೆ ಇದ್ರೆ ಆಟ ಯಾಕಾಡ್ಬೇಕು? ಹೊಸಬನ್ನ ಮಾಡ್ಕೋ.”

ಅವನ ಮಾತಿನಲ್ಲಿ ನ್ಯಾಯವಿತ್ತು. ಅದು ನನ್ನ ಹೊಟ್ಟೆ ಇನ್ನೂ ಉರಿಸಿತು. ಹೊಸಬ ಬೇಡ, ಇವನೇ ಬೇಕು, ಇಲ್ಲದಿದ್ದರೆ ನಾನಿನ್ನು ಈ ಕಡೆ ಬರುವುದೇ ಇಲ್ಲ ಎಂದು ಎದ್ದೆ. ನಾನು ಬರದಿದ್ದರೆ ಆಟವೇ ಇಲ್ಲ. ಭಾಯ್ ಒಬ್ಬರೇ ಯಾರ ಮುಳ್ಳು ತೆಗೆಯುತ್ತಾರೆ?

ನನ್ನ ಬಾಯಿ ಮುಚ್ಚಿಸಲೆಂದು ಭಾವ ಒಂದು ಮಾತಾಡಿದ. ಅದೇ ಅವನು ಮಾಡಿದ ತಪ್ಪು. “ಆಯ್ತು, ಮುಂದಿನ ಭಾನುವಾರ ಮರ್ಯಾದೆಯಾಗಿ ಹಾಲು–ತುಪ್ಪ ಬುಟ್ಟು ಕಳ್ಸಾಣ. ಆಮೇಲೆ ನೀನು ಅವನ ಸುದ್ದಿ ಎತ್ತಂಗಿಲ್ಲ.”

ಹಾಲು–ತುಪ್ಪ ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನದ ಶಾಸ್ತ್ರ. ಸಮಾಧಿಗೆ ಹಾಲು ತುಪ್ಪ ಎರೆದು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ದೂರ ಸರಿದು ಕಾಗೆಗೆ ಕಾಯುತ್ತೇವೆ. ಕಾಗೆ ಮುಟ್ಟಿದರೆ ಸತ್ತವರಿಗೆ ನೆಮ್ಮದಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು, ನಿಂತವರೇ ಆ ಆಸೆ ಏನೆಂದು ಊಹಿಸಿ ಮಾತು ಕೊಡಬೇಕು. ನಮ್ಮ ತಾತನ ಕಾಗೆ, ಅವರ ರೇಡಿಯೋ ಯಾರಿಗೂ ಕೊಡುವುದಿಲ್ಲ ಎಂದು ಅಜ್ಜಿ ಹೇಳಿದ ಮೇಲೆಯೇ ಬಂದದ್ದು. ಆ ರೇಡಿಯೋ ಆಗಲೇ ಹಾಡುವುದನ್ನು ಬಿಟ್ಟಿತ್ತು, ಆದರೂ ಗೋಡೆಯ ಗೂಡಿನಲ್ಲಿ ಕೂತಿತ್ತು. ಇಂಥ ವಿಷಯದಲ್ಲಿ ಭಾವನಿಗೆ ಬಲು ಭಯ.

ಮೂರನೆಯ ದಿನ ಭಾವನಿಗೆ ಶಿಫ್ಟು ಇದ್ದದ್ದರಿಂದ ಶಾಸ್ತ್ರ ಹೀಗೆ ಭಾನುವಾರಕ್ಕೆ ಬಿತ್ತು. ತಾವೂ ಉಣ್ಣಬೇಕಲ್ಲ ಎಂದು ಭಾಯ್ ತಮ್ಮವರ ಹಲಾಲ್ ಅಂಗಡಿಯಿಂದಲೇ ಮಟನ್ ತಂದರು. ಅಜ್ಜಿ ಬೈದುಕೊಂಡೇ ಮೋಟಾರು ಮನೆಯ ಹಿಂದೆ ಒಲೆ ಹೂಡಿ ಸಾರು ಕುದಿಸಿದಳು. ಗೊಂಬೆಯ ಸಮಾಧಿಗೊಂದು ಜಾಗ ಕೇಳಿದಾಗ ತಾತನ ಸಮಾಧಿಯ ಪಕ್ಕ ತೋರಿಸಿ, “ಅವ್ರಿಗೂ ಜೊತೆ ಆಯ್ತದೆ, ಮಡುಗಿ,” ಎಂದಳು. ಮಣ್ಣು ಮಾಡಲು ನನಗೆ ಮನಸ್ಸಾಗದೆ ಗೊಂಬೆಯನ್ನು ಮುತ್ತುಗದ ಎಲೆಯ ಮೇಲೆ ಮಲಗಿಸಿದೆವು. ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ. ಆಟದ ಪೂಜಾರಿ ತಾವೇ ಎಂದು ಭಾಯ್ ಟೋಪಿ ಸರಿ ಮಾಡಿಕೊಂಡು ಗಂಭೀರವಾಗಿ ತುಪ್ಪ ಬಿಟ್ಟರು. ನಾವೆಲ್ಲ ತೆಂಗಿನ ಮರಗಳ ಹಿಂದೆ ಸರಿದು ನಿಂತೆವು.

ಕಾಗೆ ಬರಲಿಲ್ಲ.

ಬರುವುದಾದರೂ ಎಲ್ಲಿಂದ? ಕಾರ್ಖಾನೆಯ ಕ್ಯಾಂಟೀನ್ ಶುರುವಾದ ಮೇಲೆ ನಮ್ಮ ತೋಟದ ಕಾಗೆಗಳೆಲ್ಲ ಅಲ್ಲೇ ಕಾಯಂ ಆಗಿದ್ದವು. ಅಲ್ಲಿ ಭಾನುವಾರವೂ ಪಲಾವ್. ಇದು ನನಗೆ ಗೊತ್ತಿತ್ತು, ಭಾಯ್‌ಗೂ ಗೊತ್ತಿತ್ತು. ಆ ಕ್ಯಾಂಟೀನಿನಲ್ಲೇ ಉಣ್ಣುವ ಭಾವನಿಗೆ ಮಾತ್ರ ಆ ಹೊತ್ತಿನಲ್ಲಿ ಅದು ಹೊಳೆಯಲೇ ಇಲ್ಲ. ಅವನ ಹಣೆ ಬೆವರುತ್ತಿತ್ತು.

“ನಿನ್ನ ಕುದ್ರೆನ ಚೆನ್ನಾಗಿ ನೋಡ್ಕಂತೀವಿ ಕಣಪ್ಪಾ,” ಎಂದು ಕೂಗಿದ. ಇಲ್ಲ.

“ನಿನ್ನ ಕತ್ತಿ ಯಾರಿಗೂ ಮಾರಲ್ಲ,” ಎಂದರು ಭಾಯ್. ಇಲ್ಲ.

“ಹೆಂಡದಂಗಡಿ ಬಾಕಿ ನಾನೇ ತೀರ್ಸ್ತೀನಿ!” ಎಂದ ಭಾವ. ಅದಕ್ಕೂ ಇಲ್ಲ. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟತೊಡಗಿತು.

ಅಜ್ಜಿ ನನ್ನ ಕಡೆ ತಿರುಗಿದಳು. “ಅವನು ನಿನ್ನೋನಲ್ವೇನಮ್ಮಿ? ಅವನ್ಗೆ ಏನು ಬೇಕಾಗಿತ್ತು ಹೇಳು.”

ನಗುತ್ತಲೇ ಏನೋ ಹೇಳಲು ಹೋದೆ, ಬಾಯಿಗೆ ಬಂದದ್ದೇ ಬೇರೆ. “ಇನ್ನೂ ಒಸಿ ತಿರುಗಾಡ್ಬೇಕಾಗಿತ್ತು,” ಎಂದೆ. ಅಷ್ಟು ಹೇಳಿ ಒಂದು ಗೊಂಬೆಗಾಗಿ ನಾಚಿಕೆಯಿಲ್ಲದೆ ಅತ್ತೆ.

ಭಾವ ಪುಸ್ತಕ ನೋಡಿದ, ಎಡೆ ನೋಡಿದ, ನನ್ನನ್ನು ನೋಡಿದ.

“ಎಬ್ಬುಸ್ಲಾ ಅತ್ಲಾಗೆ,” ಎಂದಳು ಅಜ್ಜಿ. “ನಿನ್ನ ಪುಸ್ತಕ ಬಂದು ಸಾರು ಬಿಸಿ ಮಾಡ್ಕೊಟ್ಟಾತಾ?”

“ಆಯ್ತು ಕಣಪ್ಪಾ!” ಭಾವ ಆಕಾಶಕ್ಕೆ ಕೈ ಮುಗಿದ. “ಎಬ್ಬುಸ್ತೀನಿ, ಬಾ!”

ಬಂತು! ಕಾರ್ಖಾನೆಯ ಕಡೆಯಿಂದ ಒಂದೇ ಒಂದು ಕಾಗೆ ಬಂದು ಎಲೆಯ ಅಂಚಿನಲ್ಲಿ ಕೂತಿತು. ಮಟನ್ ನೋಡಿತು, ವಡೆ ನೋಡಿತು, ಯಾವುದೂ ಹಿಡಿಸಲಿಲ್ಲ. ಮಿರಮಿರ ಮಿಂಚುತ್ತಿದ್ದ ಕೆಂಪು ಪೇಟಕ್ಕೆ ಕೊಕ್ಕು ಹಾಕಿ, ನನ್ನ ವೀರನನ್ನೇ ಕಚ್ಚಿಕೊಂಡು ಕ್ಯಾಂಟೀನಿನ ಕಡೆ ಹಾರಿಹೋಯಿತು.

ಭಾವ ಮತ್ತೆ ಪುಸ್ತಕ ತೆರೆದು ನೋಡಿದ. ಆಮೇಲೆ ಮೆಲ್ಲಗೆ, “ಹೆಣ ಬೇಕಾಗಿತ್ತಲ್ಲಾ,” ಎಂದ.

“ಮಾತು ಕೊಟ್ಟೀಯ ಗುರು,” ಎಂದರು ಭಾಯ್. “ಮೈ ನಾನು ಕೊಡ್ತೀನಿ, ಜೀವ ನೀನು ಕೊಡು.” ನನ್ನ ಕಡೆ ತಿರುಗಿದರು. “ಹೇಳು ತಂಗಿ, ಹೊಸ ಮೈ ಹೆಂಗಿರ್ಬೇಕು? ಅದೇ ಪೇಟ, ಅದೇ ಮೀಸೆ ತಾನೇ?”

ಹೌದು ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ತಿರುಗಾಡಬೇಕು ಎಂದು ಆಗ ತಾನೇ ಅತ್ತವಳು ನಾನು. ಆ ಆಸೆಗೆ ಮೀಸೆ ಇರಲಿಲ್ಲ.

“ಹೆಂಗಸು ಮಾಡಿ ಭಾಯ್,” ಎಂದೆ. “ಕತ್ತಿ ಅದೇ ಇರ್ಲಿ.”

ಭಾವ ಅವಸರದಿಂದ ಪುಟ ತಿರುವಿದ. ಬೇಡ ಎಂದು ಎಲ್ಲೂ ಬರೆದಿರಲಿಲ್ಲ. “ಸೀರೆ ಮಂಡಿ ಮ್ಯಾಕೆ ಕಟ್ಸಪ್ಪಾ,” ಎಂದು ಅಜ್ಜಿ ಭಾಯ್‌ಗೆ ಹೇಳಿದಳು. “ಗುಹೆಯೊಳ್ಗೆ ತೊಡರ್ಕಂಡಾತು.”

ಸೋಮವಾರ ಭಾವ ಕ್ಯಾಂಟೀನಿನ ಮಾಡಿನ ಶೀಟಿನ ಮೇಲೆ ಹತ್ತಿ ಹುಡುಕಿದನಂತೆ. ಒಂದಷ್ಟು ಚಮಚ ಸಿಕ್ಕವು, ವೀರ ಸಿಗಲಿಲ್ಲ.

ಅದರ ಮುಂದಿನ ಭಾನುವಾರ, ಮೊಣಕಾಲ ಮೇಲೆ ಕಚ್ಚೆ ಬಿಗಿದ ಕೆಂಪು ಸೀರೆಯವಳು ಅದೇ ಗುಹೆಗೆ ಹೋದಳು. ಮೂಲೆಯಲ್ಲಿ ಅದೇ ಪೆಟ್ಟಿಗೆ ಇತ್ತು. ಏನು ಮಾಡುತ್ತೀಯ ಎಂದು ಭಾವ ಕೇಳಿದ. ಬಾಗಿಲಲ್ಲಿ ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

“ಮೊದ್ಲು ಕೋಲ್ನಾಗೆ ತಿವಿದು ನೋಡ್ತೀನಿ,” ಎಂದೆ.